ಮೊಟ್ಟೆಗಳು ಸುಮ್ಮನಾದ ಮಧ್ಯಾಹ್ನ

ಅತ್ತೆ ತೀರಿಕೊಂಡ ಮೇಲೆ ಹಿಂದಿನ ಕೋಣೆಯ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಮಷಿನ್ ಸೊಸೆಯ ಕೈಗೆ ಬಂತು. ಬದುಕಿದ್ದಾಗ ಅವರು ಅವಳನ್ನು ಅದರ ಹತ್ತಿರ ಸುಳಿಯಗೊಟ್ಟವರಲ್ಲ. ತಾವು ಮಾತ್ರ ಗಾಜಿನ ಮುಚ್ಚಳಕ್ಕೆ ಬಾಯಿ ಹಚ್ಚಿ, ಕಾವಿಗೆ ಕೂತ ಕೋಳಿಯ ಹಾಗೆ ‘ಕೊಕ್ ಕೊಕ್’ ಎಂದು ಮೊಟ್ಟೆಗಳ ಜೊತೆ ಹರಟುತ್ತಿದ್ದರು.

“ನಿಮ್ಮಮ್ಮ ನನ್ ಹತ್ರ ಅಷ್ಟು ಮಾತಾಡಿದ್ರೆ ನಾನೂ ಒಂದು ಮೊಟ್ಟೆ ಇಟ್ಬಿಡ್ತಿದ್ದೆ” ಎಂದು ಸೊಸೆ ಗಂಡನನ್ನು ನಗಿಸುತ್ತಿದ್ದಳು.

ಮೊದಲ ಸಲವೇ ತಲೆನೋವಿನ ಕೆಲಸ ಗಂಟುಬಿತ್ತು. ಮರಿ ಮಾಡಿಸಿಕೊಳ್ಳಲು ಗಿರಾಕಿಗಳು ಬೇರೆ ಬೇರೆ ತಳಿಯ ಮೊಟ್ಟೆ ತಂದಿದ್ದರು: ದಪ್ಪ ಚಿಪ್ಪಿನ ಕಡುಕಂದು ಮೊಟ್ಟೆ, ಜುಟ್ಟುಕೋಳಿಯ ಬಿಳಿ ಮೊಟ್ಟೆ, ಗಿಡ್ಡ ತಳಿಯ ಪುಟಾಣಿ ಮೊಟ್ಟೆ. ಪೆಟ್ಟಿಗೆ ಒಂದೇ, ಕಾವು ಒಂದೇ, ಹಟ ಮಾತ್ರ ಒಂದೊಂದರದು ಒಂದೊಂದು ಥರ. ತೇವ ಹೆಚ್ಚಾದರೆ ಕಂದು ಮೊಟ್ಟೆಯ ಮರಿ ಒಳಗೇ ಉಸಿರು ಕಟ್ಟಿ ಸಾಯುತ್ತದೆ. ಕಡಿಮೆಯಾದರೆ ಪುಟಾಣಿಗಳು ಒಣಗುತ್ತವೆ. ಪುಟಾಣಿಗಳು ಒಡೆಯುವುದೂ ಬೇಗ. ಅವಳು ಕಂದು ಮೊಟ್ಟೆಗಳನ್ನು ಮೊದಲೇ ಇಟ್ಟು, ಪುಟಾಣಿಗಳನ್ನು ಕೊನೆಗೆ ಸೇರಿಸಿ, ನೀರಿನ ತಟ್ಟೆಯನ್ನು ಅರ್ಧವಷ್ಟೇ ತುಂಬಿದಳು. ಒಡೆಯುವ ಕಾಲ ಹತ್ತಿರವಾದಾಗ ಮೊಟ್ಟೆ ಹೊರಳಿಸುವುದು ನಿಲ್ಲಿಸಿ, ತಟ್ಟೆ ಪೂರ್ತಿ ತುಂಬಿ, ಮುಚ್ಚಳ ಮುಚ್ಚಿಬಿಟ್ಟಳು.

ಚಿಪ್ಪಿನೊಳಗಿಂದ ಚಿಂವ್‌ಗುಟ್ಟುವಿಕೆ ಶುರುವಾಯಿತು. ಮೊದಮೊದಲು ಅವಳಿಗೆ ಹಿಗ್ಗು. ಆಮೇಲೆ ಕಿವಿಗೊಟ್ಟು ಕೇಳಿದರೆ ಏನೋ ಸರಿಯಿಲ್ಲ ಅನ್ನಿಸಿತು. ಮರಿಗಳು ಸುಮ್ಮನೆ ಕೂಗುತ್ತಿರಲಿಲ್ಲ. ಕೂಗುತ್ತಿದ್ದವು, ತಡೆಯುತ್ತಿದ್ದವು, ಮತ್ತೆ ಕೂಗುತ್ತಿದ್ದವು. ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ.

ಮಾರನೆಯ ಮಧ್ಯಾಹ್ನ ಅವಳು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದಾಗ ‘ಕ್ರ್‌ರ್‌ರ್’ ಎಂದು ಗಂಟಲೊಳಗಿನ ದನಿಯೊಂದು ಕೇಳಿತು. ಹದ್ದಿನ ನೆರಳು ಕಂಡ ತಾಯಿಕೋಳಿ ತನ್ನ ಮರಿಗಳನ್ನು ಎಚ್ಚರಿಸುವ ದನಿ. ಮೊಟ್ಟೆಗಳೆಲ್ಲ ಗಪ್‌ಚಿಪ್. ಆ ಮನೆಯಲ್ಲಿ ಒಂದೇ ಒಂದು ಕೋಳಿಯೂ ಇರಲಿಲ್ಲ.

ಅವಳು ಎದ್ದು ಮಷಿನ್ ನೋಡಿದಳು. ಕಾವು ತೋರಿಸುವ ಅಂಕಿ ಸರಿಯಾಗೇ ಇತ್ತು. ಆದರೂ ಗಾಜಿಗೆ ಅಂಗೈ ಇಟ್ಟವಳು ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು.

“ರೀ, ಬೇಗ ಬನ್ನಿ!”

ಮುಂದಿನ ಕೋಣೆಯಲ್ಲಿ ಫ್ಯಾನ್ ರಿಪೇರಿ ಮಾಡುತ್ತಿದ್ದ ಗಂಡ ಓಡಿಬಂದು ವೈರು ಕಿತ್ತ. “ಥರ್ಮೋಸ್ಟಾಟ್ ಕಚ್ಕೊಂಡು ಕಾವು ಏರ್ತಾನೇ ಇತ್ತು, ಅಂಕಿ ಮಾತ್ರ ನಿಂತಲ್ಲೇ ನಿಂತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಅಷ್ಟೂ ಬೆಂದು ಹೋಗ್ತಿತ್ತು. ನಿಂಗೆ ಹೇಗೆ ಗೊತ್ತಾಯ್ತು?”

ಅವಳು ಮಷಿನ್ನಿನ ಗಾಳಿಕಿಂಡಿಗಳನ್ನೆಲ್ಲ ತೆರೆದು ಕಾವು ಇಳಿಯಲು ಕಾದಳು. ಮುಚ್ಚಳದ ಮೇಲೆ, ಅತ್ತೆ ಬಾಯಿ ಹಚ್ಚುತ್ತಿದ್ದ ಕಡೆ, ಹೊರಗಡೆಯಿಂದ, ಬಾಯಗಲದ ಉಸಿರಿನ ಮಂಜು ಕೂತಿತ್ತು. ಅಷ್ಟು ಬಿಸಿ ಗಾಜಿನ ಮೇಲೆ ಮಂಜು ಕೂರುವುದುಂಟೇ? ಒರೆಸಿದಳು. ನೋಡನೋಡುತ್ತಲೇ ಮತ್ತೆ ಕೂತಿತು. ಒಳಗಿಂದ ಒಂದು ಮರಿ ಚಿಂವ್ ಎಂದಿತು, ಆಮೇಲೆ ಎಲ್ಲವೂ.

ಗಂಡ ಮಷಿನ್ ಸರಿಮಾಡಿ ಕೊಟ್ಟ ಮೇಲೆ ಕಂದು, ಬಿಳಿ, ಪುಟಾಣಿ ಎಲ್ಲ ಒಂದರ ಹಿಂದೆ ಒಂದು ಒಡೆದವು. ಕೆಲವು ಮಾತ್ರ ಒಡೆಯಲೇ ಇಲ್ಲ. ಮೈ ಒಣಗಿದ ಮರಿಗಳನ್ನು ಅವಳು ರಟ್ಟಿನ ಪೆಟ್ಟಿಗೆಗೆ ಹಾಕಿ ಬಲ್ಬು ಹೊತ್ತಿಸಿದಳು. ಒಂದೂ ಬೆಳಕಿನ ಕೆಳಗೆ ನಿಲ್ಲಲಿಲ್ಲ. ಕತ್ತಲ ಮೂಲೆಗೆ ನುಗ್ಗಿ, ಒಂದಕ್ಕೊಂದು ಒತ್ತಿಕೊಂಡು, ಯಾವುದೋ ಭಾರದ ಅಡಿಗೆ ತೂರಿದಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದವು.

“ಬಲ್ಬು ಬಿಸಿ ಜಾಸ್ತಿ ಆಯ್ತೇನೋ” ಎಂದ ಗಂಡ.

ಅವಳು ಮರಿಗಳ ಮೇಲೆ ಕೈ ಚಾಚಿದಳು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಗಾಳಿ ಬೆಚ್ಚಗಿತ್ತು, ಮೆತ್ತಗಿತ್ತು. ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು.

“ಏನಾಯ್ತೇ? ಯಾಕೆ ಹಾಗ್ ನಿಂತೆ?”

“ಏನಿಲ್ಲ. ಬಲ್ಬು ಆರಿಸಿಬಿಡಿ.”

“ಮರಿಗಳಿಗೆ ಚಳಿ ಆಗಲ್ವಾ?”

“ಆಗಲ್ಲ” ಎಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.