ಅಪ್ಪನ ಗಾಡಿಯ ನಂಬರು

ತಕ್ಕಡಿ ಸಾಹೇಬರಿಗೆ ಆ ಹೆಸರು ಬಂದದ್ದು ನೌಕರಿಯಿಂದ. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿ ತೂಕದ ಬಟ್ಟುಗಳನ್ನು ಪರೀಕ್ಷಿಸುವುದು, ಸರಿಯಿದ್ದರೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯ ಒಂದೇ ಏಟಿಗೆ ಸರಕಾರದ ಮುದ್ರೆ ಒತ್ತುವುದು ಅವರ ಕೆಲಸ. ಯಾರ ಅಂಗಡಿಯಲ್ಲೂ ಒಂದು ಲೋಟ ಚಹಾ ಕುಡಿದವರಲ್ಲ. ಅವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಈ ತುದಿಯ ಅಂಗಡಿಯವರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇಂಥ ಮನುಷ್ಯ ಮನೆಯಲ್ಲಿ ಹೇಗಿರಬಹುದು ಅಂತ ಯಾರೂ ಅವರ ಹೆಂಡತಿಯನ್ನು ಕೇಳಿರಲಿಲ್ಲ. ಕೇಳಿದ್ದರೆ ಆಕೆ, "ಮನೇಲೂ ತಕ್ಕಡೀನೇ. ಆದ್ರೆ ತಟ್ಟೆ ಯಾವಾಗ್ಲೂ ಅವರ ಕಡೆಗೇ ವಾಲಿರುತ್ತೆ" ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಸಾಹೇಬರಿಗೆ ಹಳೇ ಗಾಡಿ ರಿಪೇರಿಯ ಹುಚ್ಚು ಹತ್ತಿತು. ಗಾಡಿ ಎಲ್ಲಿಂದಲೋ ತಂದದ್ದಲ್ಲ, ಅಪ್ಪನದೇ ಮೋಟಾರ್ ಸೈಕಲ್ಲು. ಹಿತ್ತಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದುಕೊಂಡು ಇಪ್ಪತ್ತೆರಡು ವರ್ಷ ನಿಂತಿತ್ತು. ಎಂಜಿನ್ ಮಾತ್ರ ಇರಲಿಲ್ಲ. ಎಂಜಿನ್ ತಮ್ಮನ ಹತ್ತಿರ ಇತ್ತು.

ಅಪ್ಪ ತೀರಿಕೊಂಡ ತಿಂಗಳಿಗೇ ಗಾಡಿ ಯಾರಿಗೆ ಅನ್ನುವ ಮಾತು ಬಂದಿತ್ತು. "ಹಿರಿಯೋನು ನಾನು, ನನಗೆ" ಅಂದರು ಸಾಹೇಬರು. ತಮ್ಮನದು ಟೈಲರ್ ಕೆಲಸ, ಮಾತು ಕಡಿಮೆ. ಅವತ್ತು ಮಾತ್ರ ಬಿಡಲಿಲ್ಲ. "ಹಿಂದಿನ ಸೀಟಲ್ಲಿ ಕೂರ್ತಿದ್ದೋನು ನೀನು. ಟ್ಯಾಂಕ್ ಮೇಲೆ ಅಪ್ಪನ ಎದೆಗೆ ಒರಗಿ ಕೂರ್ತಿದ್ದೋನು ನಾನು" ಅಂದ. ನಲವತ್ತರ ಆಸುಪಾಸಿನ ಇಬ್ಬರು ಗಂಡಸರು ಕಿತ್ತಾಡಿದ್ದು ಇದಕ್ಕೆ! ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೊನೆಗೆ ಸಾಹೇಬರು, "ಕಾಜಾ ಹೊಲಿಯೋ ಕೈಗೆ ಎಂಜಿನ್ ಯಾಕೋ?" ಅಂದುಬಿಟ್ಟರು. ಮಾರನೆಯ ದಿನ ತಮ್ಮ ಯಾರದೋ ಸ್ಪ್ಯಾನರ್ ಇಸಕೊಂಡು ಬಂದು, ಅರ್ಧ ದಿನ ಒದ್ದಾಡಿ, ಬೋಲ್ಟು ಬಿಚ್ಚಿ ಎಂಜಿನ್ ಇಳಿಸಿಕೊಂಡು ಹೋದ. ಹೋಗುವಾಗ ಹೇಳಿದ್ದು ಇಷ್ಟೇ: "ಗಾಡಿ ನೀನೇ ಇಟ್ಕೋ. ಓಡಿಸ್ಬೇಕು ಅನ್ನಿಸಿದಾಗ ನನ್ನ ಹತ್ರ ಬಾ."

ಇಬ್ಬರ ಮನೆಗಳ ನಡುವೆ ಮೂರು ಬೀದಿ. ಸಾಹೇಬರು ಹೋಗಲಿಲ್ಲ.

ಎರಡು ವರ್ಷ ಗಾಡಿಗೆ ಸೇವೆ ನಡೆಯಿತು. ತುಕ್ಕು ಉಜ್ಜಿದರು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಕಟ್ಟಿದರು, ಮಡ್‌ಗಾರ್ಡಿನ ತಗ್ಗುಗಳನ್ನು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎತ್ತಿದರು. ಹೆಂಡತಿಯ ಬಟ್ಟೆ ನೆನೆಸುವ ಟಬ್ಬು ಸೀಮೆಎಣ್ಣೆಯ ಪಾಲಾಯಿತು. ಟ್ಯಾಂಕಿನ ಮೇಲಿನ ಹೊಂಬಣ್ಣದ ಗೆರೆಯನ್ನು ಉಸಿರು ಬಿಗಿಹಿಡಿದು ಕುಂಚದಲ್ಲೇ ಎಳೆದರು. ಗುಜರಿಯವನೊಬ್ಬ ಅದೇ ಕಂಪನಿಯ, ಅದೇ ವರ್ಷದ ಎಂಜಿನ್ ಹುಡುಕಿಕೊಟ್ಟ. ಅದನ್ನು ಕೂರಿಸಿ ಕಿಕ್ ಹೊಡೆದಾಗ ಗಾಡಿ ಗುಡುಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಆದರೆ ಹಳೇ ವಾಹನಗಳ ಕ್ಲಬ್ಬಿನವರು ಪ್ರದರ್ಶನ ಇಟ್ಟುಕೊಂಡರು. ಅದರಲ್ಲಿ ದೊಡ್ಡ ಬಹುಮಾನ 'ಮೂಲ ರೂಪ' ಅನ್ನುವ ವಿಭಾಗಕ್ಕೆ. ಗಾಡಿಯ ಎಂಜಿನ್ ನಂಬರು ನೋಂದಣಿ ಪುಸ್ತಕದಲ್ಲಿರುವ ನಂಬರಿಗೆ ತಾಳೆಯಾಗಬೇಕು. ಆಗದಿದ್ದರೆ ಅದು ಬರೀ 'ಜೋಡಿಸಿದ ಗಾಡಿ', ಬೇಲಿ ಪಕ್ಕದ ಸಾಲಿನಲ್ಲಿ ನಿಲ್ಲಬೇಕು. ಅಪ್ಪನ ಗಾಡಿ ಬೇಲಿ ಪಕ್ಕ ನಿಲ್ಲುವುದೇ?

"ಮೂರು ಬೀದಿ ಆಚೆ ಇದೆಯಲ್ರೀ ಎಂಜಿನ್ನು. ಹೋಗಿ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂದರು ಹೆಂಡತಿ.

"ಅವನ ಹೊಸಿಲು ನಾನು ತುಳೀಬೇಕಾ? ಅದೂ ಅಲ್ದೆ ಅವನು ಅದನ್ನ ಇಟ್ಕೊಂಡಿರ್ತಾನಾ? ಎಂದೋ ಗುಜರಿಗೆ ಹಾಕಿರ್ತಾನೆ. ಇಷ್ಟೊತ್ತಿಗೆ ಕರಗಿ ಯಾರ ಮನೆ ಪಾತ್ರೆ ಆಗಿದೆಯೋ!"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಬೆಳಿಗ್ಗೆ ಸಾಹೇಬರು ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು ಗುಜರಿ ಎಂಜಿನ್ನಿನ ನಂಬರನ್ನು ಅರದಿಂದ ಉಜ್ಜಿ ತೆಗೆದರು. ಆಮೇಲೆ ಅಂಕಿಯ ಅಚ್ಚುಗಳನ್ನು ಒಂದೊಂದಾಗಿ ಇಟ್ಟು ಅಪ್ಪನ ನಂಬರು ಹೊಡೆದರು: ನಾಲ್ಕು, ಒಂದು, ಏಳು, ಆರು, ಮೂರು. ಐದು ಅಂಕಿಗೆ ಐದೇ ಏಟು, ಕೈ ಅಷ್ಟು ಪಳಗಿತ್ತು. ಹೊಸ ಹೊಳಪು ಕಾಣದ ಹಾಗೆ ಹಳೇ ಎಣ್ಣೆಯಲ್ಲಿ ಮಣ್ಣು ಕಲಸಿ ಬಳಿದರು. ಬೇರೆಯವರ ಎಂಜಿನ್ನಿಗೆ ಬೇರೆಯವರ ನಂಬರು ಹೊಡೆದರೆ ಕಳ್ಳತನ, ನಮ್ಮಪ್ಪನ ಗಾಡಿಗೆ ನಮ್ಮಪ್ಪನ ನಂಬರು ಹೊಡೆದರೆ ಅದು ಕಳ್ಳತನ ಹೇಗಾಗುತ್ತದೆ ಅಂತ ತಮಗೆ ತಾವೇ ಹೇಳಿಕೊಂಡರು. ಇದೇ ಮಾತನ್ನು ಅಂಗಡಿಯವನೊಬ್ಬ ಹೇಳಿದ್ದರೆ ಅವನ ಲೈಸೆನ್ಸ್ ಉಳಿಯುತ್ತಿರಲಿಲ್ಲ. ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದರು.

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು" ಅಂದು ಲೋಟ ಅಲ್ಲೇ ಇಟ್ಟು ಹೋದರು. ಪ್ರದರ್ಶನಕ್ಕೂ ಬರಲಿಲ್ಲ.

ಪ್ರದರ್ಶನ ನಡೆದದ್ದು ಶಾಲೆಯೊಂದರ ಮೈದಾನದಲ್ಲಿ. ಎಪ್ಪತ್ತು ಎಂಬತ್ತು ಗಾಡಿಗಳು, ಮೇಲೆ ಶಾಮಿಯಾನ, ಜನ. ಪರೀಕ್ಷಕರು ನಿವೃತ್ತ ಎಂಜಿನಿಯರ್. ಕೈಗೆ ಬಿಳಿ ಗ್ಲೌಸು ಹಾಕಿಕೊಂಡು, ಸಾಹೇಬರ ಗಾಡಿಯ ಪಕ್ಕ ಮಂಡಿಯೂರಿ, ಟಾರ್ಚು ಬಿಟ್ಟು ನಂಬರು ಓದಿದರು. ಪುಸ್ತಕದ ಜೊತೆ ತಾಳೆ ನೋಡಿದರು. ಎದ್ದು ಸಾಹೇಬರ ಕೈ ಕುಲುಕಿ, "ನಿಮ್ಮ ಗಾಡಿ ಅಂದ್ಮೇಲೆ ನೋಡೋದೇ ಬೇಕಿರ್ಲಿಲ್ಲ ಸಾರ್, ನಿಯಮಕ್ಕೆ ನೋಡ್ದೆ" ಅಂದರು. ಸಾಹೇಬರು ನಕ್ಕರು.

ಮಧ್ಯಾಹ್ನ ಬಹುಮಾನದ ಹೊತ್ತಿಗೆ ಜನರ ನಡುವೆ ಒಂದು ತಳ್ಳುಗಾಡಿ ದಾರಿ ಬಿಡಿಸಿಕೊಂಡು ಬಂತು. ತಳ್ಳುತ್ತಿದ್ದವನು ತಮ್ಮ. ತಲೆ ಪೂರ್ತಿ ನೆರೆತಿತ್ತು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ತಳ್ಳುಗಾಡಿಯ ಮೇಲೆ ದಪ್ಪ ಬಟ್ಟೆಯ ಗವಸು ಹಾಕಿದ ಎಂಥದೋ ಭಾರದ ವಸ್ತು. ಗವಸಿಗೆ ಎರಡು ಸಾಲು ಹೊಲಿಗೆ, ಅಂಚಿಗೆ ಪಟ್ಟಿ.

"ಅಣ್ಣಾ," ಅಂದ ಅವನು ಏದುಸಿರು ಬಿಡುತ್ತಾ. "ಪೇಪರಲ್ಲಿ ಪ್ರದರ್ಶನದ ಸುದ್ದಿ ಜೊತೆ ಅಪ್ಪನ ಗಾಡಿ ಫೋಟೋ ನೋಡ್ದೆ. ನೀನು ಬರ್ಲಿಲ್ಲ, ನಾನೇ ತಂದೆ. ಎಷ್ಟು ದಿನ ಅಂತ ಹಿಂಗೇ ಇರೋದು? ಇಬ್ಬರಿಗೂ ವಯಸ್ಸಾಯ್ತು." ಗವಸಿನ ಗುಂಡಿ ಬಿಚ್ಚಿದ. ಒಳಗೆ ಅಪ್ಪನ ಎಂಜಿನ್ ಆಗ ತಾನೇ ಸ್ನಾನ ಮಾಡಿಸಿದ ಮಗುವಿನ ಹಾಗಿತ್ತು. "ವಾರಕ್ಕೊಂದ್ಸಲ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸ್ತಿದ್ದೆ, ಪಿಸ್ಟನ್ ಹಿಡ್ಕೋಬಾರ್ದು ಅಂತ. ಒಂದು ವಾರಾನೂ ತಪ್ಪಿಸಿಲ್ಲ. ತಗೋ, ಹಾಕ್ಕೋ."

ಇಪ್ಪತ್ನಾಲ್ಕು ವರ್ಷದಲ್ಲಿ ವಾರಗಳೆಷ್ಟು ಅಂತ ಸಾಹೇಬರ ತಲೆ ತಾನಾಗಿಯೇ ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ನಿಂತಿತು. ಪರೀಕ್ಷಕರು ಬಗ್ಗಿ ನಂಬರು ಓದುತ್ತಿದ್ದರು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಸುತ್ತ ಜನ ಸೇರಿದರು.

"ಒಂದೇ ನಂಬರು ಎರಡು ಎಂಜಿನ್ನಿಗೆ ಇರೋಕೆ ಸಾಧ್ಯವಿಲ್ಲ," ಅಂದರು ಪರೀಕ್ಷಕರು. "ಒಂದು ಖೋಟಾ. ಮುದ್ರೆ ವಿಷಯದಲ್ಲಿ ನಿಮಗಿಂತ ಬಲ್ಲೋರು ಇಲ್ಲಿ ಯಾರೂ ಇಲ್ಲ ಸಾರ್. ನೀವೇ ನೋಡಿ ಹೇಳಿ."

ಸಾಹೇಬರು ನೋಡಿದರು. ನೋಡಬೇಕಾಗಿಯೇ ಇರಲಿಲ್ಲ. ತಮ್ಮನ ಎಂಜಿನ್ನಿನ ಮೇಲೆ ಏಳರ ಬಾಲ ಕೊಂಚ ಸೊಟ್ಟ, ಕಾರ್ಖಾನೆಯಲ್ಲಿ ಯಾವನೋ ಅವಸರದಲ್ಲಿ ಹೊಡೆದದ್ದು. ಅವರ ಕಣ್ಣಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಂದು ಮಾತು ನಿಜ ಹೇಳಿದರೆ ತಮ್ಮ ಸಿಗುತ್ತಾನೆ, ಮೂವತ್ತೊಂದು ವರ್ಷದ ಹೆಸರು ಇದೇ ಮೈದಾನದಲ್ಲಿ ಮಣ್ಣುಪಾಲಾಗುತ್ತದೆ. ಜನರ ಸಾಲಿನಲ್ಲಿ ಹಿಂದೊಮ್ಮೆ ಅವರಿಂದ ದಂಡ ಹಾಕಿಸಿಕೊಂಡ ದಿನಸಿ ಅಂಗಡಿಯವನೂ ಕತ್ತು ಉದ್ದ ಮಾಡಿಕೊಂಡು ನಿಂತಿದ್ದ.

"ಇದು ಖೋಟಾ," ಅಂದರು ಸಾಹೇಬರು, ತಮ್ಮನ ಎಂಜಿನ್ ತೋರಿಸಿ. "ದಾಯಾದಿ ಮತ್ಸರ. ಬಹುಮಾನ ತಪ್ಪಿಸೋಕೆ ಬಂದಿದ್ದಾನೆ."

ತಮ್ಮ ಒಮ್ಮೆ ಅಣ್ಣನ ಮುಖ ನೋಡಿದ. ಆಮೇಲೆ ಗಾಡಿಯಲ್ಲಿ ಕೂತ ಎಂಜಿನ್ ನೋಡಿದ. ಅದರ ಮೇಲಿನ ಐದು ಅಂಕಿಗಳು ಗೆರೆ ಹೊಡೆದ ಹಾಗೆ ನೆಟ್ಟಗಿದ್ದವು. ಯಾರ ಕೈ ಅದು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಬಾಯಿ ತೆರೆದಾಗ ಸಾಹೇಬರು ಗಾಡಿಯ ಹ್ಯಾಂಡಲ್ ಹಿಡಿದುಕೊಂಡರು.

"ಹೌದು ಸಾರ್," ಅಂದ ತಮ್ಮ ಪರೀಕ್ಷಕರಿಗೆ. "ನಾನೇ ಹೊಡೆಸಿದ್ದು. ಅಣ್ಣನ ಹೆಸರು ಕೆಡಿಸೋಣ ಅಂತ."

ಜನ ಥೂ ಅಂದರು. ದಿನಸಿ ಅಂಗಡಿಯವನೇ ಎಲ್ಲರಿಗಿಂತ ಜೋರಾಗಿ ಅಂದ.

ಖೋಟಾ ನಂಬರು ಸಿಕ್ಕರೆ ಅಲ್ಲೇ ಕೆಡಿಸಿ ಕಳಿಸಬೇಕೆಂದು ಕ್ಲಬ್ಬಿನ ನಿಯಮ. ಪರೀಕ್ಷಕರು ಪೆಟ್ಟಿಗೆಯಿಂದ ಉಳಿ, ಸುತ್ತಿಗೆ ತೆಗೆದು ಸಾಹೇಬರಿಗೆ ಚಾಚಿದರು. "ಇದಕ್ಕೆ ನಿಮಗಿಂತ ಇನ್ಯಾರು ಬೇಕು ಸಾರ್?"

ಸಾಹೇಬರು ಉಳಿಯನ್ನು ನಾಲ್ಕರ ಮೇಲೆ ಇಟ್ಟರು. ತಳ್ಳುಗಾಡಿ ಅಲುಗಿತು, ಏಟು ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಜೀವಮಾನದಲ್ಲಿ ಎರಡನೇ ಏಟು ಹೊಡೆಯದ ಕೈ ಅದು. ತಮ್ಮ ಹತ್ತಿರ ಬಂದು, ಎರಡೂ ಅಂಗೈಯಲ್ಲಿ ಎಂಜಿನ್ನನ್ನು ಅದುಮಿ ಹಿಡಿದ.

"ಹೊಡಿ ಅಣ್ಣಾ," ಅಂದ, ಬೇರೆ ಯಾರಿಗೂ ಕೇಳಿಸದ ಹಾಗೆ. "ನಾನು ಹಿಡ್ಕೊಂಡಿದ್ದೀನಿ."

ಸಾಹೇಬರು ಹೊಡೆದರು. ನಾಲ್ಕು ಹೋಯಿತು, ಒಂದು ಹೋಯಿತು, ಸೊಟ್ಟ ಬಾಲದ ಏಳು ಹೋಯಿತು. ಆರು ಮತ್ತು ಮೂರಕ್ಕೆ ಬರುವ ಹೊತ್ತಿಗೆ ಕಣ್ಣು ಮಂಜಾಗಿ, ಎಲ್ಲಿ ಹೊಡೆಯುತ್ತಿದ್ದೇನೆ ಅನ್ನುವುದೇ ತಿಳಿಯಲಿಲ್ಲ. ತಮ್ಮ ಮಾತ್ರ ಕೈ ತೆಗೆಯಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಲೋಹದ ಚೂರುಗಳನ್ನು ಊದಿ, ಗವಸು ಹಾಕಿ, ಗುಂಡಿಗಳನ್ನು ಒಂದೊಂದಾಗಿ ಹಾಕಿದ. "ಅತ್ತಿಗೇನ ಕೇಳ್ದೆ ಅಂತ ಹೇಳು" ಅಂದು ತಳ್ಳುಗಾಡಿ ತಿರುಗಿಸಿಕೊಂಡು ಹೊರಟ. ಈ ಸಲ ಜನ ತಾವಾಗಿಯೇ ದೂರ ಸರಿದು ದಾರಿ ಬಿಟ್ಟರು.

ಮೈಕಿನಲ್ಲಿ ಸಾಹೇಬರ ಹೆಸರು ಕೂಗಿದರು. ಎರಡನೆಯ ಸಲ ಕೂಗಿದಾಗ ಅವರು ಉಳಿ, ಸುತ್ತಿಗೆಗಳನ್ನು ಪೆಟ್ಟಿಗೆಯಲ್ಲಿಟ್ಟು, ಕೈ ಒರೆಸಿಕೊಂಡು, ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದರು.