ತೊಂಬತ್ತೆರಡು ಅಡಿ

ಕ್ವಾರಿಯ ಬಾಯಲ್ಲಿ ರೈಲುಕಂಬಿಯ ಒಂದು ತುಂಡನ್ನು ಸರಪಳಿಯಿಂದ ತೂಗುಹಾಕಿದ್ದರು. ಬಂಡೆ ಸಿಡಿಸುವ ಮುನ್ನ ಅದಕ್ಕೆ ಸುತ್ತಿಗೆಯಿಂದ ಮೂರು ಸಲ ಬಾರಿಸಬೇಕು; ಆ ಸದ್ದು ಕೇಳಿದೊಡನೆ ಕಲ್ಲೊಡೆಯುವವರೆಲ್ಲ ಕೈಗೆಲಸ ಬಿಟ್ಟು ದೂರದ ಗೋಡೆಯ ಮರೆಗೆ ಓಡಬೇಕು. ಆ ಗಂಟೆ ಬಾರಿಸುವ ಹೊಣೆ ನಮ್ಮಪ್ಪನೊಬ್ಬನದೇ. ಅವನು ಆ ಕ್ವಾರಿಯ ಮೇಸ್ತ್ರಿ, ಹೆಸರು ಕರಿಬಸಪ್ಪ. ನೂರಾರು ಮಂದಿಯನ್ನು ಒಂದೇ ಏಟಿಗೆ ಓಡಿಸುವ ತೋಳು ನಮ್ಮಪ್ಪನದು ಎಂದು ಚಿಕ್ಕವಳಾಗಿದ್ದಾಗ ನನಗೆ ಬಹಳ ಹೆಮ್ಮೆಯಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಕ್ವಾರಿಯಲ್ಲಿ ಓಬಳೇಶ ಎಂಬ ಕೂಲಿಯವನು ಸತ್ತ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕೂತು ಉಣ್ಣುತ್ತಿದ್ದವನ ಮೇಲೆ ನಾಲ್ಕಾಳು ಎತ್ತಲಾಗದ ಕಲ್ಲು ಬಂದು ಬಿತ್ತು. ಬಂಡೆಯ ನೆತ್ತಿಯಿಂದ ಸಡಿಲವಾದ ಕಲ್ಲೊಂದು ತಾನಾಗಿ ಜಾರಿ, ಉರುಳಿಕೊಂಡು ಬಂದು ಬಡಿಯಿತು ಎಂದು ಮಾಲೀಕರು ಬರೆಸಿದರು. ಆ ಹೊತ್ತಿನಲ್ಲಿ ಮದ್ದು ಸಿಡಿಸಿರಲೇ ಇಲ್ಲ, ಆದ್ದರಿಂದ ಗಂಟೆ ಬಾರಿಸುವ ಮಾತೇ ಇಲ್ಲ, ಕೂರಬಾರದ ಜಾಗದಲ್ಲಿ ಅವನೇ ಕೂತಿದ್ದ ಎಂದರು. ಕಣ್ಣಾರೆ ಕಂಡ ಸಾಕ್ಷಿಯೆಂದು ನಮ್ಮಪ್ಪ ಹೆಬ್ಬೆಟ್ಟು ಒತ್ತಿದ. ಸುತ್ತ ಮೂರು ಕ್ವಾರಿಗಳಿದ್ದ ಊರದು. ದಿನಕ್ಕೆ ಎಷ್ಟು ಸಲ ಸಿಡಿಯಿತು, ಎಲ್ಲಿ ಸಿಡಿಯಿತು ಎಂದು ಯಾರೂ ಲೆಕ್ಕವಿಡುತ್ತಿರಲಿಲ್ಲ. ಅಲ್ಲಿದ್ದ ಕೂಲಿಗಳು ತುಟಿ ಬಿಚ್ಚಲಿಲ್ಲ. ತಪ್ಪು ಸತ್ತವನದೇ ಎಂದು ತೀರ್ಮಾನವಾದರೆ ಅವನ ಹೆಂಡತಿ ಮಕ್ಕಳು ಕ್ವಾರಿಯ ಸಾಲುಮನೆಯನ್ನು ಬಿಟ್ಟು ಹೋಗಬೇಕಿತ್ತು.

ಓಬಳೇಶನ ಮಗಳು ಹೊನ್ನೂರಮ್ಮ ನನ್ನ ತರಗತಿಯಲ್ಲೇ ಇದ್ದಳು. ಹನ್ನೊಂದು ದಿನ ಕಳೆದು ಅವಳು ಶಾಲೆಗೆ ಬಂದಾಗ ನಾನು ಕೂತೆದ್ದ ಬೆಂಚನ್ನು ಎಲ್ಲರೆದುರು ಲಂಗದ ಚುಂಗಿನಿಂದ ಒರೆಸಿ ಆಮೇಲೆ ಕೂತಳು. ನಾನೂ ಕಡಿಮೆಯವಳಲ್ಲ. ಅವಳಪ್ಪ ಆವತ್ತು ಕುಡಿದಿದ್ದ, ಅದಕ್ಕೇ ಓಡಲಾಗಲಿಲ್ಲ ಎಂದು ಹುಡುಗಿಯರ ಕಿವಿಯಲ್ಲಿ ಊದಿದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೇ ಕಟ್ಟಿದ್ದು. ಸಂಜೆಯೊಳಗೆ ಅದು ತಿರುಗಿ ಅವಳಿಗೆ ಮುಟ್ಟಿತು. ಮರುದಿನ ನನ್ನ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೇಲೂ ಶಾಯಿ ಚೆಲ್ಲಿತ್ತು. ಯಾರು ಮಾಡಿದ್ದೆಂದು ನಾನು ಕೇಳಲಿಲ್ಲ, ಅವಳು ಮುಚ್ಚಿಡಲೂ ಇಲ್ಲ.

ನಮಗೆ ವಿಜ್ಞಾನ ಹೇಳುತ್ತಿದ್ದವರು ವರದಾಂಬ ಟೀಚರ್. ನಗುವವರಲ್ಲ, ಬೈಯುವವರೂ ಅಲ್ಲ. ಒಂದು ದಿನ ಅವರು ಮೇಜಿನ ಅಂಚಿನಲ್ಲಿ ಎರಡು ನಾಣ್ಯಗಳನ್ನಿಟ್ಟು, ಅಡಿಕೋಲಿನಿಂದ ಒಂದನ್ನು ಮುಂದಕ್ಕೆ ಚಿಮ್ಮಿಸಿ, ಅದೇ ಕ್ಷಣದಲ್ಲಿ ಇನ್ನೊಂದನ್ನು ನೇರ ಕೆಳಕ್ಕೆ ಬೀಳಿಸಿದರು. ಒಂದು ಮೇಜಿನ ಕಾಲ ಬಳಿ ಬಿತ್ತು, ಇನ್ನೊಂದು ಬಾಗಿಲ ತನಕ ಹೋಯಿತು. ಆದರೆ ನೆಲಕ್ಕೆ ಬಡಿದ ಸದ್ದು ಒಂದೇ.

"ಭೂಮಿ ಎರಡನ್ನೂ ಒಂದೇ ಸಮ ಎಳೀತು. ಅದಕ್ಕೆ ಒಟ್ಟಿಗೇ ಬಿದ್ದವು. ಆದರೆ ಒಂದು ದೂರ ಹೋಯ್ತಲ್ಲ, ಅದು ಭೂಮಿಯ ಕೆಲಸ ಅಲ್ಲ. ನನ್ನ ಅಡಿಕೋಲಿನ ಕೆಲಸ. ಸುಮ್ಮನಿದ್ದ ವಸ್ತು ಯಾರಾದರೂ ತಳ್ಳೋ ತನಕ ಸುಮ್ಮನೇ ಇರ್ತದೆ."

ಹೊನ್ನೂರಮ್ಮ ಎದ್ದು ನಿಂತಳು. "ಹಂಗಾದ್ರೆ ಟೀಚರ್, ಬಂಡೆ ತುದಿಯಿಂದ ತಾನಾಗೇ ಜಾರಿದ ಕಲ್ಲು ಎಲ್ಲಿಗೆ ಬೀಳ್ಬೇಕು?"

"ಬಂಡೆಯ ಬುಡಕ್ಕೆ."

"ನಮ್ಮಪ್ಪ ಕುಂತಿದ್ದು ಹೊಂಗೆ ಮರದ ಕೆಳಗೆ. ಬುಡದಾಗಲ್ಲ."

ಇಡೀ ತರಗತಿ ನನ್ನ ಕಡೆ ತಿರುಗಿತು. ನಾನೂ ಎದ್ದೆ. "ಉರುಳಿಕೊಂಡು ಬಂತು! ನಮ್ಮಪ್ಪ ಕಣ್ಣಾರೆ ನೋಡಿದಾನೆ."

"ನಿಮ್ಮಪ್ಪ ಸುಳ್ಳ!"

"ನಿಮ್ಮಪ್ಪ ಕುಡುಕ!"

ಟೀಚರ್ ಅಡಿಕೋಲನ್ನು ಮೇಜಿಗೆ ಬಡಿದರು. ಇಬ್ಬರಿಗೂ ಹೊಡೆಯುತ್ತಾರೆಂದುಕೊಂಡೆ. "ಕೂಗಾಡಿ ತಿಳ್ಕೊಳ್ಳೋ ವಿಷಯ ಅಲ್ಲ ಇದು," ಎಂದರು. "ಅಳೆಯೋ ವಿಷಯ. ಭಾನುವಾರ ಹೋಗಿ, ಇಬ್ಬರೂ ಸೇರಿ ಅಳೆದುಕೊಂಡು ಬನ್ನಿ. ಒಬ್ಬಳೇ ತಂದ ಲೆಕ್ಕ ನಾನು ನೋಡೋದಿಲ್ಲ."

ಭಾನುವಾರ ಕ್ವಾರಿಗೆ ರಜೆ. ನೂಲಿನ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ತಂದಿದ್ದವಳು ಹೊನ್ನೂರಮ್ಮ. ಅವಳು ಹತ್ತು ಹೆಜ್ಜೆ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ತೂಗುಕಂಬಿಯ ಕೆಳಗೆ ಹಾಯುವಾಗ ಅವಳು ತಲೆಯೆತ್ತಿ ಅದನ್ನೊಮ್ಮೆ ನೋಡಿದಳು. ಬಂಡೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಅವಳು ಹಿಂದಿನ ಕಾಲುದಾರಿಯಿಂದ ನೆತ್ತಿಗೆ ಹತ್ತಿದಳು, ನಾನು ಬುಡದಲ್ಲಿ ನಿಂತೆ. ಹಗ್ಗದ ತುದಿಗೆ ಕಟ್ಟಿದ ಮುಷ್ಟಿಗಾತ್ರದ ಕಲ್ಲು ಅವಳ ಕೈಯಲ್ಲಿತ್ತು. ನನ್ನ ನೆತ್ತಿಯ ನೇರಕ್ಕೆ ಅವಳು ಬಗ್ಗಿದ್ದಳು. ಸುತ್ತ ಯಾರೂ ಇರಲಿಲ್ಲ. ಈಗ ಇವಳು ಕೈಬಿಟ್ಟರೆ ಕೇಳುವವರಿಲ್ಲ ಎಂದು ಹೊಳೆಯಿತು.

"ಸರಿ ಆಕಡೆ!" ಎಂದು ಮೇಲಿನಿಂದ ಕೂಗಿದಳು. ನಾನು ಕಂಬದಂತೆ ನಿಂತಿದ್ದೆ. "ಕೇಳಿಸ್ಲಿಲ್ವಾ? ಗೋಡೆ ಹತ್ರ ಹೋಗು! ನಿಮ್ಮಪ್ಪ ಗಂಟೆ ಹೊಡೀಲಿಲ್ಲ. ನಾನು ಕೂಗಿ ಬಿಡ್ತಿದೀನಿ!"

ಮೂರು ಸಲ ಕೂಗಿದಳು. ನಾನು ಓಡಿದ ಮೇಲೆಯೇ ಹಗ್ಗ ಇಳಿಬಿಟ್ಟಳು. ಅವಳ ದನಿಯಲ್ಲಿ ಕರುಣೆಯ ಲವಲೇಶವೂ ಇರಲಿಲ್ಲ. ಇದ್ದುದು ಅಪ್ಪಟ ದ್ವೇಷ. ಆದರೂ ಕೂಗಿದಳು.

ಎತ್ತರ ಅರವತ್ತನಾಲ್ಕು ಅಡಿ. ಬುಡದಿಂದ ಹೊಂಗೆ ಮರದ ಕೆಳಗಿನ ಆ ಕಲ್ಲಿನವರೆಗೆ ತೊಂಬತ್ತೆರಡು. ಅಳೆಯುತ್ತ ನಡುವೆ ಬಂದಾಗ ಹಗ್ಗ ಒಂದು ಕಾಲುವೆಯ ಮೇಲೆ ಹಾಯಿತು. ಕ್ವಾರಿಯ ನೀರು ಹೊರಹೋಗಲು ತೋಡಿದ್ದ ಕಾಲುವೆ ಅದು. ಮೂರಡಿ ಅಗಲ, ಸೊಂಟದುದ್ದ ಆಳ. ಅಂಚಿನಲ್ಲಿ ಒಂದು ಗೀರಿಲ್ಲ, ತಳದಲ್ಲಿ ಕೆಸರು ಕದಡಿಲ್ಲ. ಉರುಳಿ ಬಂದ ಕಲ್ಲಾದರೆ ಇದರೊಳಗೆ ಬಿದ್ದಿರಬೇಕಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಹೊನ್ನೂರಮ್ಮ ಕಂಡಳು. "ಇನ್ನೊಂದ್ಸಲ ಹೇಳು, ಉರುಳಿಕೊಂಡು ಬಂತು ಅಂತ," ಎಂದಳು. ನಾನು ಬಗ್ಗಿ ಹಗ್ಗದ ಮುಂದಿನ ಗಂಟು ಹಿಡಿದೆ.

ಸೋಮವಾರ ಟೀಚರ್ ಲೆಕ್ಕವನ್ನು ನನ್ನ ಕೈಯಲ್ಲೇ ಮಾಡಿಸಿದರು. ಬೀಳುವ ಕಲ್ಲು ಮೊದಲ ಸೆಕೆಂಡಿನಲ್ಲಿ ಹದಿನಾರು ಅಡಿ ಇಳಿಯುತ್ತದೆ, ಎರಡನೆಯದರಲ್ಲಿ ನಲವತ್ತೆಂಟು. ಅರವತ್ತನಾಲ್ಕು ಅಡಿಗೆ ಸರಿಯಾಗಿ ಎರಡು ಸೆಕೆಂಡು. ಆ ಎರಡೇ ಸೆಕೆಂಡಿನಲ್ಲಿ ತೊಂಬತ್ತೆರಡು ಅಡಿ ಮುಂದಕ್ಕೂ ಹೋಗಬೇಕಾದರೆ ಸೆಕೆಂಡಿಗೆ ನಲವತ್ತಾರು ಅಡಿ ವೇಗದಲ್ಲಿ ಅದನ್ನು ಏನೋ ತಳ್ಳಿರಬೇಕು. "ನಾಲ್ಕಾಳು ಎತ್ತಲಾಗದ ಕಲ್ಲನ್ನ ಅಷ್ಟು ಜೋರಾಗಿ ತಳ್ಳೋದು ಯಾವುದು?" ಎಂದು ಟೀಚರ್ ಕೇಳಿದರು. ಕ್ವಾರಿಯೂರಿನ ಮಕ್ಕಳು ನಾವು. ಉತ್ತರ ಎಲ್ಲರಿಗೂ ಗೊತ್ತಿತ್ತು.

ಆ ವಾರವೇ ತನಿಖೆಯ ಅಧಿಕಾರಿ ಬಂದರು. ಲೆಕ್ಕದ ಹಾಳೆ ಹಿಡಿದು ಟೀಚರ್ ನಮ್ಮಿಬ್ಬರನ್ನೂ ಅವರ ಬಳಿಗೆ ಕರೆದೊಯ್ದರು. ಕ್ವಾರಿಯ ಕಚೇರಿಯಲ್ಲಿ ಮಾಲೀಕರು ಕೊಡಿಸಿದ ಎಳನೀರು ಕುಡಿಯುತ್ತ ಅವರು ನಮ್ಮ ಹಾಳೆಯನ್ನು ತಿರುವಿ ನೋಡಿದರು. "ಏನಮ್ಮಾ, ನಿಮ್ಮ ಹುಡುಗೀರು ಹಗ್ಗ ಹಿಡಿದು ನ್ಯಾಯ ತೀರಿಸ್ತಾರಾ?" ಎಂದು ಟೀಚರನ್ನು ಕೇಳಿ ನಕ್ಕರು. ಮಾಲೀಕರು ನಗಲಿಲ್ಲ. "ಮೇಷ್ಟ್ರುಗಳಿಗೆ ಪಾಠ ಮಾಡೋದು ಸಾಲದಾಗೈತೆ," ಎಂದು ಟೀಚರ್ ಕಡೆ ನೋಡಿದ ನೋಟದಲ್ಲಿ ಬೆದರಿಕೆಯಿತ್ತು. ಅಧಿಕಾರಿ ಅಪ್ಪನನ್ನು ಕರೆದರು.

"ನಾನು ಅಲ್ಲೇ ಗಂಟೆ ಹತ್ರ ನಿಂತಿದ್ದೆ ಸ್ವಾಮಿ," ಎಂದ ಅಪ್ಪ. "ಮದ್ದು ಸಿಡಿದಿಲ್ಲ. ಕಲ್ಲು ಜಾರ್ತು, ಉರುಳ್ತಾ ಬಂತು."

ಬಾಗಿಲಲ್ಲಿ ಹೊನ್ನೂರಮ್ಮನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಓಬಳೇಶ ಸತ್ತ ಮಂಗಳವಾರ ಮಧ್ಯಾಹ್ನ ನಮಗೆ ಗಣಿತದ ಪರೀಕ್ಷೆ. ನಾನು ಕಂಪಾಸ್ ಪೆಟ್ಟಿಗೆ ಮರೆತು ಹೋಗಿ, ಅತ್ತು ಹೇಳಿಕಳಿಸಿದ್ದೆ. ಊಟದ ಹೊತ್ತಿನಲ್ಲಿ ಅಪ್ಪ ಬೆವರು ಸುರಿಸುತ್ತ ಶಾಲೆಯ ಗೇಟಿಗೆ ಬಂದು ಪೆಟ್ಟಿಗೆ ಕೊಟ್ಟ. "ಚೆನ್ನಾಗಿ ಬರಿ" ಎಂದ. ಅವನು ಅಲ್ಲಿ ನಿಂತಿದ್ದಾಗಲೇ ನಮ್ಮ ಕ್ವಾರಿಯ ದಿಕ್ಕಿನಿಂದ ಸಿಡಿದ ಸದ್ದು ಬಂತು. ಅವನು ಓಡಿದ. ಅಂದರೆ ಅವನು ಏನನ್ನೂ ನೋಡಿರಲಿಲ್ಲ ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೇ ತರಗತಿಯಲ್ಲಿ ಎದ್ದು ಕೂಗಿದ್ದೆ.

"ಅಪ್ಪ ಆಗ ಅಲ್ಲಿರಲಿಲ್ಲ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ಶಾಲೆ ಗೇಟಿನ ಹತ್ರ ನನ್ನ ಜೊತೆ ಇದ್ದ. ಸಿಡಿದ ಸದ್ದು ಇಬ್ರೂ ಕೇಳಿದ್ವಿ."

ಅಧಿಕಾರಿ ಎಳನೀರು ಕೆಳಗಿಟ್ಟರು. ಅಪ್ಪ ನನ್ನನ್ನು ನೋಡಲಿಲ್ಲ. ಗೋಡೆ ನೋಡುತ್ತಲೇ, "ಲಾರಿ ಬಂದು ನಿಂತೈತೆ ಅಂತ ಮಾಲೀಕರಿಗೆ ಅವಸರ. ನಾನು ಬರೋದ್ರೊಳಗೆ ಮದ್ದಿಗೆ ಬೆಂಕಿ ಹಚ್ಚಿಸಿದ್ರು. ಗಂಟೆ ಯಾರೂ ಹೊಡೀಲಿಲ್ಲ," ಎಂದ. ಹೊನ್ನೂರಮ್ಮನ ತಾಯಿ ಬಾಯಿಗೆ ಒತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು.

ತಪ್ಪು ಓಬಳೇಶನದಲ್ಲ ಎಂದು ಬರೆದಾಯಿತು. ಅವನ ಸಂಸಾರಕ್ಕೆ ಮನೆ ಉಳಿಯಿತು. ಮಾಲೀಕರಿಗೆ ಏನಾಯಿತೋ ನಮಗೆ ತಿಳಿಯಲಿಲ್ಲ, ಕ್ವಾರಿಯಂತೂ ತಿಂಗಳೊಳಗೆ ಮತ್ತೆ ತೆರೆಯಿತು. ಟೀಚರಿಗೆ ವರ್ಗವಾಯಿತು. ಅಪ್ಪನ ಕೆಲಸ ಹೋಯಿತು. ಸಾಲುಮನೆಯವರು ನಮ್ಮನ್ನು ಕಂಡರೆ ಉಗುಳುತ್ತಿದ್ದರು. ಕೆಲವರು ಅವನ ಸುಳ್ಳಿಗೆ, ಕೆಲವರು ನನ್ನ ನಿಜಕ್ಕೆ. ಮನೆಯಲ್ಲಿ ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ನೀನು ಹೇಳಿದ್ದು ಸುಳ್ಳಲ್ಲ. ಆದ್ರೆ ನನ್ನೆದುರಿಗೆ ಕೂತು ಉಣ್ಬೇಡ." ಮೂರು ವರ್ಷ ನಾನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಉಂಡೆ.

ಬೇರೆಡೆ ಕೆಲಸ ಹುಡುಕಿಕೊಂಡು ನಾವು ಊರು ಬಿಡುವ ದಿನ ನಮ್ಮ ಪಾತ್ರೆ ಪಗಡ ಹೊತ್ತ ಬಾಡಿಗೆ ಲಾರಿ ಸಾಲುಮನೆಯ ಕೊಳಾಯಿಯ ಮುಂದೆ ನಿಧಾನವಾಗಿ ಹಾಯಿತು. ಹೊನ್ನೂರಮ್ಮ ನೀರು ಹಿಡಿಯುತ್ತಿದ್ದಳು. ನಾನು ಚಾಪೆಯ ಸುರುಳಿಯ ಮೇಲೆ ಕೂತಿದ್ದೆ. ಅವಳು ನಗಲಿಲ್ಲ, ಕೈಯೆತ್ತಲಿಲ್ಲ, ಮುಖ ತಿರುಗಿಸಲೂ ಇಲ್ಲ. ಲಾರಿ ತಿರುವು ದಾಟುವವರೆಗೂ ನಾನು ಅವಳನ್ನು, ಅವಳು ನನ್ನನ್ನು ನೋಡುತ್ತಲೇ ಇದ್ದೆವು. ಅವಳ ಕೊಡ ಆಗಲೇ ತುಂಬಿತ್ತು. ನೀರು ಕಂಠ ಮೀರಿ ಚೆಲ್ಲಿ, ಬರಿಗಾಲ ಸುತ್ತ ಹರಿದು, ರಸ್ತೆಯ ಕಲ್ಲುಪುಡಿಯನ್ನು ಕಪ್ಪಗೆ ನೆನೆಸುತ್ತಿತ್ತು.