ಭೇದಿ ಗುಳಿಗೆಗೆ ಒಣಗಿದ ಹುಣ್ಣು

ಗೊರೇಬಾಳದ ರಾಜಶ್ರೀಯ ಮಗಳು ಶಿವಕುಮಾರಿ ಎದೆಹಾಲು ಬಿಟ್ಟದ್ದೇ ತಡ, ಬಾಯಿಯ ಸುತ್ತ, ಬೆರಳಿಗೆ, ಕುಂಡೆಗೆ ಕೆಂಪು ಹುಣ್ಣೆದ್ದವು. ಒಮ್ಮೆ ಒಣಗಿದಂತಾಗಿ ಮತ್ತೆ ಎದ್ದವು. ಕೂದಲು ಉದುರಿತು. ಭೇದಿ ನಿಲ್ಲಲಿಲ್ಲ. ಕೂಸು ದಿನದಿನಕ್ಕೆ ಸೊರಗುತ್ತಿತ್ತು.

ಆದರೆ ಕಸ್ತೂರೆಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಕೂತುಬಿಟ್ಟಿದ್ದರು. ರಾಜಶ್ರೀಗೆ ಈಕೆ ಅಜ್ಜಿ. ಸೋದರಮಾವನನ್ನೇ ಮದುವೆಯಾದ್ದರಿಂದ ಅತ್ತೆಯೂ ಹೌದು. ಎರಡು ದರ್ಬಾರು ಒಬ್ಬರ ಕೈಯಲ್ಲಿದ್ದರೆ ಕೇಳಬೇಕೇ!

"ಅಮ್ಮ ಬಂದಾಳ. ಗುಳಿಗಿ ಕೊಟ್ರ ತಾಯಿ ಸಿಟ್ಟಾಗ್ತಾಳ. ಹೋದ ಸಲನೂ ಬೇವಿನ ನೀರಿಗೇ ಒಣಗಿದ್ವಲ್ಲ?"

ನೋಡಲು ಬಂದ ಆಶಾ ಕಾರ್ಯಕರ್ತೆ ಶಂಶಾದ್‌ಬೀ ಅಂದರು: "ಅಮ್ಮ ಆದ್ರ ಇಷ್ಟೊತ್ತಿಗೆ ಹೋಗ್ತಿದ್ಲು ಕಸ್ತೂರೆಮ್ಮಾರ. ಇದು ತಿಂಗಳಾತಲ್ರೀ!"

ರಾಜಶ್ರೀಗೆ ಥಟ್ಟನೆ ಹೊಳೆಯಿತು. "ಆಯಿ, ಹೋದ ಸಲ ಈ ಆಶಾ ಅಕ್ಕಾರು ಕೊಟ್ಟ ಭೇದಿ ಗುಳಿಗಿ ನಡೆದಿತ್ತು. ಅದು ತೀರಿದ ಮ್ಯಾಲ ಹುಣ್ಣು ಮತ್ತ ಎದ್ದಾವ. ಬೇವಿನ ನೀರು ಇವತ್ತಿಗೂ ಹಾಕಾಕತ್ತೀನಿ, ಈಗ ಯಾಕ ಒಣಗವಲ್ವು?"

ಅಜ್ಜಿ ಎದ್ದು ನಿಂತರು. "ನಡೀರಿ ಹಂಗಾರ," ಎಂದು ತಾವೇ ಕೂಸನ್ನೆತ್ತಿಕೊಂಡರು.

ಸಿಂಧನೂರಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಆ ಗುಳಿಗ್ಯಾಗ ಇರೋದು ಸತು, ಅಂದ್ರ ಜಿಂಕ್. ಊಟದಾಗೂ ಐತಿ. ಆದ್ರ ಕರುಳಿಂದ ಅದನ್ನ ರಕ್ತಕ್ಕ ಬಿಡೋ ಬಾಗಲಾ ಕಟ್ಟೋ ಜೀನೇ ಈ ಕೂಸಿಗೆ ಹುಟ್ಟಿನಿಂದ ಸರಿ ಇಲ್ಲ. ಕಾಲುವ್ಯಾಗ ನೀರೈತಿ, ಹೊಲದ ತೂಬು ತೆರೀವಲ್ದು, ಹಂಗ. ಎದೆಹಾಲಿನ ಸತು ಹೆಂಗೋ ದಾಟತಿತ್ತು. ಇನ್ನ ಗುಳಿಗಿನೇ ಗತಿ, ಜೀವನಪೂರ್ತಿ. ಕೊಟ್ರ ಎಲ್ಲಾರ ಹಂಗ ಬೆಳೀತಾಳ."

"ಎಲ್ಲಿಂದ ಬಂತ್ರೀ ಇದು?" ರಾಜಶ್ರೀ ಕೇಳಿದಳು.

"ತಾಯಿ-ತಂದಿ ಇಬ್ಬರ ಕಡಿಂದ. ಹತ್ತಿರದ ರಕ್ತದಾಗ ಮದುವಿ ಆದ್ರ ಹಿಂಗಾಗೋದು ಜಾಸ್ತಿ."

ಕಸ್ತೂರೆಮ್ಮನ ಕಣ್ಣು ತುಂಬಿತು. "ಈ ಮದುವಿ ಮಾಡಿಸಿದಾಕಿ ನಾನಾ."

"ಬೇಕಂತ ಮಾಡೀರೇನು? ಗುಳಿಗಿ ತಪ್ಪಿಸಬ್ಯಾಡ್ರಿ ಅಜ್ಜಿ, ಸಾಕು."

ಕೆಲವೇ ದಿನಗಳಲ್ಲಿ ಭೇದಿ ನಿಂತಿತು, ಹುಣ್ಣು ಒಣಗಿದವು. ಈಗ ಶಿವಕುಮಾರಿಗೆ ಜುಟ್ಟು ಕಟ್ಟುವಷ್ಟು ಕೂದಲು! ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಕೂಡಲೇ ಕಸ್ತೂರೆಮ್ಮನೇ ಗುಳಿಗೆ ಕರಗಿಸಿ ಕುಡಿಸುತ್ತಾರೆ.

"ಛಲೋ ಆಗ್ಯಾಳಲ್ಲ ಆಯಿ, ಒಂದಿನ ಬಿಟ್ರ ಏನಾತು?" ಎಂದು ರಾಜಶ್ರೀ ಅಂದರೆ ಸಾಕು, ಅಜ್ಜಿ ಗದರುತ್ತಾರೆ: "ತೂಬು ನೀ ಹೋಗಿ ತೆರೀತೀ ಏನು?"

ಅಕ್ಕಂದಿರೇ, ಅಣ್ಣಂದಿರೇ, ಹಾಲು ಬಿಟ್ಟ ಕೂಸಿಗೆ ಬಾಯಿ-ಕುಂಡೆ ಸುತ್ತ ಹುಣ್ಣು, ಭೇದಿ, ಕೂದಲು ಉದುರುವುದು ಒಟ್ಟಿಗೆ ಕಂಡರೆ ಕಾಯುತ್ತ ಕೂರಬೇಡಿ. ಎಷ್ಟು ಗುಳಿಗೆ ಎಂಬುದನ್ನು ಡಾಕ್ಟರೇ ಹೇಳಲಿ. ಅವರನ್ನು ಕೇಳದೆ ನಿಲ್ಲಿಸಬೇಡಿ. ದೇವರಿಗೆ ಕೈಮುಗಿಯಿರಿ, ಕೂಸನ್ನೆತ್ತಿಕೊಂಡು ಬಸ್ಸೂ ಹತ್ತಿರಿ.